ನೀರು ಬೆಚ್ಚಗಿತ್ತು

ಕಳೆದ ತಿಂಗಳು ಸುಪ್ರಿಯಾ ಒಂದು ಫೈಲು ಹಿಡಿದುಕೊಂಡು ನಮ್ಮ ಕರ್ಕಿಯ ಮನೆಗೆ ಬಂದಳು. ಹೊನ್ನಾವರ ಕಡೆಯ ಮೀನುಗಾರಿಕೆ ಅಧಿಕಾರಿಯಾಗಿ ಹಿಂದೆ ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಕೂರುವವಳು ಅವಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಫೈಲಿನ ರಟ್ಟು ಹೊಸದು, ಒಳಗಿದ್ದದ್ದು ನನಗೆ ಹಳೆಯದು. ಶರಾವತಿಯ ಹಿನ್ನೀರಿನಲ್ಲಿ ಟ್ರೌಟ್ ಎಂಬ ಶೀತದೇಶದ ಮೀನಿನ ಮರಿ ಬಿಡುವುದು, ಚಳಿಗಾಲದಲ್ಲಿ ಪ್ರವಾಸಿಗರಿಂದ ಅದಕ್ಕೆ ಗಾಳ ಹಾಕಿಸುವುದು, ಮರಿಗಳು ಉಳಿಯಲಿ ಎಂದು ಅಲ್ಲಿನ ಅಂಬಿಗರ ಗಾಳವನ್ನು ನಿಲ್ಲಿಸುವುದು. ಇದಕ್ಕೆಲ್ಲ ಮೊದಲು ಸ್ಥಳೀಯ ಅಧಿಕಾರಿ ‘ಚಳಿಗಾಲದಲ್ಲಿ ನೀರು ಸಾಕಷ್ಟು ತಂಪಾಗಿರುತ್ತದೆ’ ಎಂದು ಬರೆದು ಸಹಿ ಹಾಕಬೇಕು.

“ಮೇಡಂ, ಇದನ್ನ ನೀವು ಒಂದ್ಸಲ ನಿಲ್ಸಿದ್ರಂತೆ. ಹೆಂಗೆ?” ಎಂದಳು.

“ಸಹಿ ಹಾಕ್ಲಿಲ್ಲ, ಅಷ್ಟೇ.”

“ಅಷ್ಟೇ ಆಗಿದ್ರೆ ನಿಮ್ಮನ್ನ ಭಟ್ಕಳಕ್ಕೆ ಎಂತಕ್ಕೆ ಹಾಕ್ತಿದ್ರು?”

ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ; ಅವಳಿಗೆ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ. ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಮಾತಾಡಿದವರಲ್ಲಿ ಒಬ್ಬರೂ ಈ ಸಂಗತಿ ಎತ್ತಲಿಲ್ಲ. ಸಮಾರಂಭದ ಮೊದಲು ಒಬ್ಬರು ಬಂದು, “ಹಳೇದೆಲ್ಲ ಬೇಡ ಮೇಡಂ, ಒಳ್ಳೆ ಮಾತಾಡುವಾ” ಎಂದು ಕಿವಿಯಲ್ಲಿ ಹೇಳಿದ್ದರು. ಅವತ್ತು ಸುಮ್ಮನಾದೆ. ಈಗ ಸುಮ್ಮನಿರಲು ನನಗೆ ಯಾರೂ ಸಂಬಳ ಕೊಡುತ್ತಿಲ್ಲ.

ಒಂದು ಎಚ್ಚರಿಕೆ. ನಾನು ದಿನಚರಿ ಬರೆಯುವವಳು, ಆದರೆ ನನ್ನ ದಿನಚರಿ ಜಿಪುಣ, ನೆನಪು ದುಂದುಗಾರ. ದಿನಚರಿಯಲ್ಲಿ ಎರಡು ಪದ ಇರುವ ಕಡೆ ನೆನಪು ಒಂದು ಭಾಷಣವನ್ನೇ ತಂದಿಡುತ್ತದೆ, ಅದೂ ಪ್ರತಿ ಸಲ ನನ್ನದೇ ಭಾಷಣ. ಎರಡೂ ಹೊಂದದ ಕಡೆ ಹೊಂದುವುದಿಲ್ಲ ಎಂದೇ ಹೇಳುತ್ತೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬರೆಯುವಷ್ಟು ಸಿಕ್ಕಲೂ ಇಲ್ಲ.

ಮೀನು ತಿನ್ನದ ಮನೆಯವಳು ಮೀನಿನ ಕೆಲಸಕ್ಕೆ ಸೇರಿದ್ದು ಆಗ ಕರ್ಕಿಯಲ್ಲಿ ದೊಡ್ಡ ತಮಾಷೆ. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಯಾರಿಗೂ ತೊಂದರೆ ಇರಲಿಲ್ಲ. ಗಾಜಿನ ಬಾಟಲಿಯೊಳಗಿನ ಮೀನು ಮೈಲಿಗೆಯಲ್ಲ. ಆದೇಶ ಬಂದ ದಿನ ಆಯಿ, ಅಂದರೆ ಅಮ್ಮ, ಕೇಳಿದಳು: “ಕೂಸೆ, ಸರ್ಕಾರಿ ಕೆಲ್ಸ ಹೇಳಿ ಖುಷಿ ಇದ್ದು. ಆದ್ರೆ ಮೀನ ಮುಟ್ಟದು ಇದ್ದನೇ?”

“ಇಲ್ಲೆ ಆಯಿ, ಬರೇ ಲೆಕ್ಕ ಬರೆಯದು,” ಎಂದೆ.

ಮೊದಲ ವಾರವೇ ತದಡಿಯ ಬಂದರಿನಲ್ಲಿ ಬುಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತಿದ್ದೆ. ಮೀನು ಮಾರುವ ಹೆಂಗಸರು ನನ್ನ ಸುತ್ತ ನಿಂತು ನಗುತ್ತಿದ್ದರು. “ತಿನ್ನುದಿಲ್ಲ, ಮಾರುದಿಲ್ಲ, ಮತ್ತೆ ಎಂತಕ್ಕೆ ಹಿಚುಕ್ತ್ರಿ ಬಾಯೋರೆ?” ಎಂದು ಒಬ್ಬಳು ಕೇಳಿದಳು. ಉತ್ತರ ಹೊಳೆದದ್ದು ಬಹಳ ವರ್ಷಗಳ ಮೇಲೆ: ತಿನ್ನದವಳು, ಮಾರದವಳು ಹೇಳುವ ಮಾತಿಗೆ ಅವಳ ಲಾಭ ಅಂಟಿರುವುದಿಲ್ಲ. ಇದು ನಿಜವೋ, ನನ್ನ ಸಮಾಧಾನಕ್ಕೆ ನಾನೇ ಹೊಲಿದುಕೊಂಡದ್ದೋ, ಇವತ್ತಿಗೂ ಖಚಿತವಿಲ್ಲ.

ಇನ್ನು ಒಂದು ಪ್ರಮಾದದ ಕತೆ. ಧಾರೇಶ್ವರದ ಕಡಲ ದಂಡೆಯಲ್ಲಿ ಒಬ್ಬಾತ ಬಾಗಿ ಬಾಗಿ ಬಿಳಿ ಚಿಪ್ಪಿನಂಥದ್ದನ್ನು ಆರಿಸುತ್ತಿದ್ದ. ಅದು ಬೊಂಡಾಸು ಎಂಬ ಹಲವು ತೋಳುಗಳ ಮೆತ್ತನೆಯ ಕಡಲಪ್ರಾಣಿಯ ಜಾತಿಯದೊಂದರ ಬೆನ್ನೊಳಗಿನ ಚಿಪ್ಪು; ಜನ ಎಲುಬು ಎನ್ನುತ್ತಾರೆ. ಅಂಗೈಯಷ್ಟು ಉದ್ದ, ಬೆಂಡಿನಷ್ಟು ಹಗುರ. ಹಳ್ಳಿ ಔಷಧದವರು ಕಡಲನೊರೆ ಎಂದು ಕರೆದು ಕಿವಿನೋವಿಗೆ ಬಳಸುತ್ತಾರೆ ಎಂದು ಓದಿದ್ದೆ. ಓದಿದವಳಿಗೆ ಕೇಳುವ ಅಗತ್ಯ ಏನು? ತಿಂಗಳ ವರದಿಯಲ್ಲಿ ‘ಔಷಧಕ್ಕಾಗಿ ಕಡಲನೊರೆ ಸಂಗ್ರಹ ನಡೆಯುತ್ತಿದೆ’ ಎಂದು ಬರೆದೆ. ಮೇಲಿನವರು ಕುಣಿದಾಡಿದರು. ಕಡಲನೊರೆ ಸಂಗ್ರಾಹಕರ ಸಂಘ ಕಟ್ಟಬೇಕೆಂದು ಆದೇಶ ಬಂತು. ಆತನನ್ನು ಹುಡುಕಿಕೊಂಡು ಹೊರಟರೆ ಮನೆ ಸಿಕ್ಕಿದ್ದು ಕಡಲ ಹತ್ತಿರವಲ್ಲ, ಗೇರುಸೊಪ್ಪೆಯ ಮೇಲೆ, ಅಣೆಕಟ್ಟಿನ ಹಿನ್ನೀರಿನ ಬದಿಯಲ್ಲಿ. ಹೆಸರು ತಿಮ್ಮಪ್ಪ. ಅಂಗಳದಲ್ಲಿ ಒಲೆ ಹೂಡಿ ಸೀಸ ಕಾಯಿಸುತ್ತಿದ್ದ.

“ಸಂಘ ಮಾಡುದಾ? ಆತು, ಮಾಡುವಾ,” ಎಂದ. “ನಾನೇ ಅಧ್ಯಕ್ಷ, ನಾನೇ ಮೆಂಬರು. ಸಭೆ ದಿವ್ಸ ಚಾ ಯಾರ್ದು ಮೇಡಮ್ಮೋರೆ, ನಿಮ್ದೋ ಸರ್ಕಾರದ್ದೋ?”

ಆ ಎಲುಬು ಅವನಿಗೆ ಔಷಧವಲ್ಲ, ಗಾಳಕ್ಕೆ ಕಟ್ಟುವ ಸೀಸದ ಮೀನನ್ನು ಎರಕ ಹೊಯ್ಯುವ ಅಚ್ಚು. ಎರಡು ಎಲುಬಿನ ಮೆತ್ತನೆಯ ಮಗ್ಗುಲುಗಳನ್ನು ಎದುರುಬದುರು ಇಟ್ಟು ನಡುವೆ ಹಳೆಯ ಸೀಸದ ಮೀನನ್ನು ಒತ್ತಿದರೆ ಎರಡರಲ್ಲೂ ಗುರುತು ಬೀಳುತ್ತದೆ. ಆ ಮೀನನ್ನು ತೆಗೆದು, ತಂತಿಯ ಕೊಂಡಿ ಇಟ್ಟು, ಕಟ್ಟಿ, ಕರಗಿದ ಸೀಸ ಹೊಯ್ಯುತ್ತಾರೆ. ಕೂದಲು ಸುಟ್ಟಂಥ ವಾಸನೆ ಬರುತ್ತದೆ. ಬಿಚ್ಚಿದರೆ ಬೆರಳುದ್ದದ ಮೀನು, ಮೈಮೇಲೆ ಎಲುಬಿನ ಸಣ್ಣ ಗೆರೆಗಳೆಲ್ಲ ಮೂಡಿ, ಹುರುಪೆ ಇದ್ದ ಹಾಗೇ. ಸೀಸ ಬರುವುದು ತದಡಿಯ ಹರಿದ ಬಲೆಗಳ ಗುಂಡುಗಳಿಂದ. ಅಚ್ಚು ಬೇಗ ಸುಟ್ಟುಹೋಗುತ್ತದೆ, ಅದಕ್ಕೇ ಪ್ರತಿ ಚಳಿಗಾಲದ ಮೊದಲು ಹೊಳೆಯವರು ಕಡಲಿಗೆ ಇಳಿದು ಎಲುಬು ಆರಿಸುವುದು. ಸಂಘ ಆಗಲಿಲ್ಲ. ನಾನು ತಿದ್ದುಪಡಿ ಕಳಿಸಿದೆ. ಅದನ್ನು ಯಾರೂ ಓದಿದಂತಿಲ್ಲ. ಕೆಲವು ವರ್ಷಗಳ ಮೇಲೂ ‘ಸಂಘದ ಪ್ರಗತಿ ತಿಳಿಸಿ’ ಎಂಬ ಪತ್ರ ಬರುತ್ತಿತ್ತು.

ಹೊಸಬರಿಗೆ ಈ ಬೇಟೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಳೆ ನಿಂತು ನೀರು ತಿಳಿಯಾದ ಮೇಲೆ, ಚಳಿಗಾಲದಲ್ಲಿ, ಬಾಳೆಮೀನು ಹಿನ್ನೀರಿನ ತಳದಲ್ಲಿರುವ ಹಳೆಯ ಹೊಳೆಯ ಕಂದಕಕ್ಕೆ ಇಳಿಯುತ್ತದೆ. ಉದ್ದ ಮೀಸೆ, ಅಗಲ ಬಾಯಿ, ಸಿಕ್ಕಿದ್ದನ್ನು ನುಂಗುವ ಸ್ವಭಾವ. ಬಲೆ ಅಲ್ಲಿ ನಡೆಯುವುದಿಲ್ಲ, ಮುಳುಗಿದ ಕಾಡಿನ ಬುಡಗಳಿಗೆ ಸಿಕ್ಕಿ ಹರಿಯುತ್ತದೆ. ದೋಣಿಯಲ್ಲಿ ಕೂತು ಗಾಳ ಕಟ್ಟಿದ ಸೀಸವನ್ನು ನೇರ ಕೆಳಗೆ ಬಿಡಬೇಕು, ತಳ ಮುಟ್ಟಿದ ಮೇಲೆ ಮೊಳದಷ್ಟು ಎತ್ತಬೇಕು, ಬೀಳಬಿಡಬೇಕು. ಮೀನು ಹಿಡಿಯುವುದು ಅದು ಬೀಳುವಾಗ. ಎರೆ ಬೇಡ. ಅದಕ್ಕೆ ಅವರು ಇಟ್ಟ ಹೆಸರು ಬರೀ ‘ಸೀಸ ಹಾಕುದು’. ಮಳೆಗಾಲದ ಗದ್ದೆ ಕೆಲಸ ಮುಗಿದು ಬೇಸಿಗೆಯ ಕೂಲಿ ಶುರುವಾಗುವ ನಡುವೆ ಆ ಕೆಲವು ಮನೆಗಳ ಒಲೆ ಉರಿಯುತ್ತಿದ್ದದ್ದು ಈ ಸೀಸದಿಂದ.

ನಾನೂ ಹಾಕಿ ನೋಡಿದೆ. ತಿಮ್ಮಪ್ಪ ತಡೆದುಕೊಳ್ಳಲಾರದೆ ಹೇಳಿದ: “ಅಲ್ರಾ ಮೇಡಮ್ಮೋರೆ, ಬಾವಿಂದ ಕೊಡಪಾನ ಎಳ್ದಂಗೆ ಎಳೀತ್ರಲ್ಲ. ಮೀನಿಗೆ ನೀರು ಕುಡ್ಸುದಾ?”

ಇನ್ನೊಂದು ಅಭ್ಯಾಸ ಅಲ್ಲೇ ಕಂಡದ್ದು. ಬೆಳಗಿನ ಗಾಳಿಗೆ ಒದ್ದೆ ದಾರ ಹಿಡಿದ ಬೆರಳು ಮರಗಟ್ಟುತ್ತವೆ. ಆಗ ಅವರು ದೋಣಿಯ ಅಂಚಿನಿಂದ ಕೈಯನ್ನು ಹಿನ್ನೀರಿನಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ಕೂರುತ್ತಾರೆ. ಕೈ ಬೆಚ್ಚಗಾಗುತ್ತದೆ, ಮತ್ತೆ ದಾರ ಹಿಡಿಯುತ್ತಾರೆ. ನಾನೂ ಹಾಗೇ ಮಾಡಿದೆ. ಚಳಿಯ ಬೆಳಗಿನಲ್ಲಿ ನೀರಿನ ಮೇಲೆ ಹೊಗೆ ಏಳುವುದು ನೀರು ತಣ್ಣಗಿರುವುದಕ್ಕಲ್ಲ, ಮೇಲಿನ ಗಾಳಿಗಿಂತ ಬೆಚ್ಚಗಿರುವುದಕ್ಕೆ ಎಂದು ಕಾಲೇಜಿನಲ್ಲಿ ಕಲಿತದ್ದು ಅವತ್ತು ಬೆರಳಿಗೆ ಅರ್ಥವಾಯಿತು.

ಭಟ್ಕಳದ ಇಕ್ಬಾಲ್ ಭಾಯಿಯನ್ನೂ ಇಲ್ಲೇ ಪರಿಚಯಿಸುತ್ತೇನೆ. ಕೊಲ್ಲಿಯ ಕೆಲಸ ಬಿಟ್ಟು ಬಂದು ಗಾಳದ ಸಾಮಾನಿನ ಅಂಗಡಿ ಹಾಕಿದವರು. ಇಂಥ ಲೋಹದ ಮೀನಿಗೆ ‘ಜಿಗ್’ ಎಂಬ ಹೆಸರಿದೆ ಎಂದು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಒಂದು ಚಳಿಗಾಲ ಹೊಳೆಯುವ ಲೋಹದ ಜಿಗ್‌ಗಳ ಪೆಟ್ಟಿಗೆ, ರಾಟೆ ಇರುವ ಕೋಲು ಹಿಡಿದು ಹಿನ್ನೀರಿಗೆ ಬಂದರು.

“ಅರೆ ತಿಮ್ಮಪ್ಪಣ್ಣ, ನೋಡು, ಇದು ಜಪಾನ್‌ದು. ಅಸಲಿ.”

“ಚಂದ ಅದೆ. ಹೆಂಡ್ತಿಗೆ ಮೂಗಿಗೆ ಹಾಕುಕೆ ಆತದೆ.”

ಮಧ್ಯಾಹ್ನದ ಹೊತ್ತಿಗೆ ಜಪಾನಿನ ಅರ್ಧ ಪೆಟ್ಟಿಗೆ ಮುಳುಗಿದ ಮರಗಳ ಪಾಲಾಗಿತ್ತು. ಮೀನು ಮಾತ್ರ ಇಬ್ಬರಿಗೂ ಸಿಕ್ಕಿತ್ತು, ಇಕ್ಬಾಲ್ ಭಾಯಿಗೇ ಒಂದು ಹೆಚ್ಚು ಎಂದು ದಿನಚರಿ ಹೇಳುತ್ತದೆ. ತಿಮ್ಮಪ್ಪ ಇಂದಿಗೂ ಒಪ್ಪುವುದಿಲ್ಲ. ಆಮೇಲೆ ಇಕ್ಬಾಲ್ ಭಾಯಿ ಹಿನ್ನೀರಿಗೆ ಬಂದಾಗಲೆಲ್ಲ ತಿಮ್ಮಪ್ಪನ ಸೀಸ ಕೇಳಿ ಕಟ್ಟಿಕೊಳ್ಳುತ್ತಿದ್ದರು. ಹೋದರೂ ಹೊಟ್ಟೆ ಉರಿಯುವುದಿಲ್ಲ ಎಂದು. ತಿಮ್ಮಪ್ಪ ಅವರಿಂದ ದಾರ ಗಂಟು ಬೀಳದಂತೆ ತಿರುಗುವ ಉಕ್ಕಿನ ಕೊಂಡಿ ತೆಗೆದುಕೊಂಡ. ಪದ್ಧತಿ ಬದಲಾಗುವುದು ಹೀಗೆ, ಸುತ್ತೋಲೆಯಿಂದಲ್ಲ.

ಸುತ್ತೋಲೆಯ ಮಾತು ಬಂತು, ಸಾಹೇಬರ ಮಾತೂ ಬರಬೇಕು. ಆಗ ನಮ್ಮ ಮೇಲಿದ್ದವರು ಓದಿದವರು, ಕಷ್ಟಪಡುವವರು, ಕೈ ಶುದ್ಧ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟ ಮೇಲಧಿಕಾರಿಗೆ ಎದುರು ನಿಲ್ಲುವುದು ಸುಲಭ. ಉತ್ತರದ ಹಿಮದ ನಾಡಿಗೆ ಪ್ರವಾಸ ಹೋಗಿ ಬಂದಿದ್ದರು. ಅಲ್ಲಿ ದೊಡ್ಡ ಜಲಾಶಯ, ಚಳಿಗಾಲ, ದೋಣಿಯಲ್ಲಿ ಕೂತು ಜಿಗ್ ಕುಣಿಸಿ ಟ್ರೌಟ್ ಹಿಡಿಯುವ ಪರದೇಶಿಗಳು. ಅದನ್ನು ಹೇಳುವಾಗ ಅವರ ಕಣ್ಣು ಚಿಕ್ಕ ಹುಡುಗನದಾಗುತ್ತಿತ್ತು. “ಮೇಡಂ, ನಮ್ಮಲ್ಲೂ ದೊಡ್ಡ ನೀರಿದೆ, ಚಳಿಗಾಲವಿದೆ, ಜಿಗ್ ಹಾಕೋ ಜನಾನೂ ಇದ್ದಾರೆ. ಇಲ್ಲದ್ದು ಟ್ರೌಟ್ ಒಂದೇ.”

“ಸರ್, ಇಲ್ಲದ್ದು ಚಳಿ.”

ನಕ್ಕರು. ಒಂದು ಬೆಳಿಗ್ಗೆ ತಾವೇ ನೋಡಲು ಬಂದರು. ಸ್ವೆಟರು, ಮಂಕಿ ಕ್ಯಾಪು, ಉಣ್ಣೆಯ ಕೈಗವಸು. ತಿಮ್ಮಪ್ಪನ ದೋಣಿಯಲ್ಲಿ ಕೂತೆವು. ಹಿನ್ನೀರಿನ ಮೇಲೆಲ್ಲ ಹೊಗೆ. ಸಾಹೇಬರು ಕೈ ಚಾಚಿ, “ನೋಡಿ ಮೇಡಂ, ನೋಡಿ! ಅಲ್ಲಿಯ ಹಾಗೇ!” ಎಂದರು.

“ಸರ್, ಕೈಗವಸು ತೆಗೆದು ಒಮ್ಮೆ ನೀರಿಗೆ ಕೈ ಹಾಕಿ.”

“ಈ ಚಳಿಯಲ್ಲಾ?”

“ಹಾಕಿ ನೋಡಿ.”

ಹಾಕಲಿಲ್ಲ. ನಾನು ಉಷ್ಣಮಾಪಕವನ್ನು ತಿಮ್ಮಪ್ಪನ ದಾರಕ್ಕೆ ಕಟ್ಟಿ, ಭಾರಕ್ಕೆ ಸೀಸ ಕಟ್ಟಿ ತಳಕ್ಕೆ ಇಳಿಸಿದೆ. ತಳದ ನೀರೂ ಬೆಚ್ಚಗಿದ್ದದ್ದನ್ನು ಎತ್ತಿ ತೋರಿಸಿದೆ. “ಇನ್ಸ್ಟ್ರುಮೆಂಟು ಹಳೇದು,” ಎಂದರು. ನಿಜವೇ, ಹಳೆಯದಾಗಿತ್ತು. ಹೊಸತಕ್ಕೆ ನಾನು ಬರೆದ ಪತ್ರಗಳು ಅವರ ಮೇಜಿನ ಮೇಲೇ ಇದ್ದವು.

ಕಚೇರಿಗೆ ಕರೆಸಿದ ದಿನದ ಬಗ್ಗೆ ನನ್ನ ನೆನಪಿನಲ್ಲಿ ಭರ್ಜರಿ ದೃಶ್ಯವಿದೆ. ನಾನು ಎದ್ದು ನಿಲ್ಲುತ್ತೇನೆ, ಅಂಬಿಗರ ಹಕ್ಕಿನ ಬಗ್ಗೆ ಮಾತಾಡುತ್ತೇನೆ, ಫೈಲು ಮೇಜಿನ ಮೇಲೆ ಇಡುತ್ತೇನೆ, ಕೋಣೆ ಸ್ತಬ್ಧವಾಗುತ್ತದೆ. ದಿನಚರಿಯಲ್ಲಿ ಇರುವುದು ಇಷ್ಟು: ‘ಚಾ ಬಂತು. ನೀರು ಬೆಚ್ಚಗಿದೆ ಎಂದೆ. ಸಹಿ ಇಲ್ಲ.’ ನಾನು ದಿನಚರಿಯನ್ನು ನಂಬುತ್ತೇನೆ. ಭಾಷಣ ಆಮೇಲೆ ಬಸ್ಸಿನಲ್ಲಿ, ಕಿಟಕಿಯ ಬದಿ ಕೂತು ಮನಸ್ಸಿನಲ್ಲಿ ಮಾಡಿದ್ದಿರಬೇಕು. ಹೊಸಬರೇ, ಭಾಷಣ ಬರದಿದ್ದರೆ ಚಿಂತೆಯಿಲ್ಲ. ಸಹಿಯ ಜಾಗ ಖಾಲಿ ಬಿಟ್ಟರೆ ಸಾಕು.

ಸಾಕಾಗಲಿಲ್ಲ ಎಂಬುದೂ ಅಷ್ಟೇ ನಿಜ. ನನ್ನ ಸಹಿ ಇಲ್ಲದೆಯೇ ‘ಪ್ರಾಯೋಗಿಕವಾಗಿ’ ಎಂಬ ಪದದಡಿ ಕೆಲಸ ಮುಂದುವರಿಯಿತು. ಅಂಬಿಗರು ದೋಣಿ ಇಳಿಸಬಾರದೆಂದು ಬೋರ್ಡು ಬಿತ್ತು, ಕಾವಲಿನವರು ಸೀಸ ಕಸಿದುಕೊಂಡರು. ತಿಮ್ಮಪ್ಪನ ಅಂಗಳದಲ್ಲಿ ಒಲೆ ತಣ್ಣಗಿತ್ತು, ಪಕ್ಕದಲ್ಲಿ ಆ ವರ್ಷ ಆರಿಸಿ ತಂದ ಎಲುಬುಗಳ ರಾಶಿ ಹಾಗೇ ಬಿದ್ದಿತ್ತು. ಅವನ ದನಿಯಲ್ಲಿ ಅವತ್ತು ತಮಾಷೆ ಇರಲಿಲ್ಲ.

“ನೀವು ಸಹಿ ಹಾಕ್ಲಿಲ್ಲ, ಆತು, ದೊಡ್ಡ ಕೆಲ್ಸ. ನಮ್ಗೆ ಎಂತ ಸಿಕ್ತು ಅದ್ರಿಂದ? ಸೀಸ ಅಂತೂ ಹೋತು. ಈ ಚಳಿ ಹಿಂಗೇ ಕಳೂದಾ?”

ಅವನ ಹೆಂಡತಿ ಚಾ ತಂದು ಇಟ್ಟು, ಕುಡಿಯಿರಿ ಎನ್ನದೆ ಒಳಗೆ ಹೋದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ: ನಾನು ಸಹಿ ನಿರಾಕರಿಸಿದ್ದು ಇವರಿಗಾಗಿಯೋ, ನನ್ನ ಕೈ ಶುದ್ಧ ಇಟ್ಟುಕೊಳ್ಳಲೋ? ಬರೀ ನನ್ನ ಕೈಗಾಗಿ ಆದರೆ ಅದು ಸಾಲದು.

ಮರಿ ಬಿಡುವ ದಿನ ಬಂತು. ದೂರದ ಬೆಟ್ಟಗಳಿಂದ ವಿಮಾನದಲ್ಲಿ ಗೋವಾಕ್ಕೆ, ಅಲ್ಲಿಂದ ಮಂಜುಗಡ್ಡೆ ತುಂಬಿದ ವ್ಯಾನಿನಲ್ಲಿ ಟ್ರೌಟ್ ಮರಿಗಳ ಚೀಲಗಳು ಬಂದವು. ದಡದಲ್ಲಿ ಶಾಮಿಯಾನ, ಗಣ್ಯರು, ಕ್ಯಾಮೆರಾ. ಅಂಬಿಗರು ಬೋರ್ಡಿನ ಆಚೆ ನಿಂತಿದ್ದರು. ಕಾರ್ಯಕ್ರಮದ ಪ್ರಕಾರ ಗಣ್ಯರು ಒಂದೊಂದು ಚೀಲ ಬಿಚ್ಚಿ ನೀರಿಗೆ ಸುರಿಯಬೇಕು, ಚಪ್ಪಾಳೆ, ಊಟ. ಸುರಿದ ಮರಿ ಸತ್ತರೂ ಆಳದಲ್ಲಿ ಮುಳುಗುತ್ತವೆ, ಯಾರಿಗೂ ಕಾಣುವುದಿಲ್ಲ. ‘ಮರಿಗಳನ್ನು ಬಿಡಲಾಯಿತು’ ಎಂದು ದಾಖಲೆಯಾಗುತ್ತದೆ. ಬೋರ್ಡು ಶಾಶ್ವತವಾಗುತ್ತದೆ.

ನಮ್ಮ ಕೆಲಸದ ಮೊದಲ ಪಾಠ ಇದು: ಬೇರೆ ಊರಿನ ಮರಿಯನ್ನು ನೇರ ಸುರಿಯಬಾರದು. ಕಟ್ಟಿದ ಚೀಲವನ್ನೇ ನೀರಿನ ಮೇಲೆ ತೇಲಬಿಡಬೇಕು, ಒಳಗಿನ ನೀರು ಹೊರಗಿನ ನೀರಿನ ಬಿಸುಪಿಗೆ ಬರುವವರೆಗೆ ಕಾಯಬೇಕು, ಆಮೇಲೆ ಬಿಚ್ಚಬೇಕು. ನಮ್ಮ ಕೆರೆಗಳಿಗೆ ಕಟ್ಲಾ ಮೀನಿನ ಮರಿ ಬಿಡುವಾಗ ಪ್ರತಿ ಸಲ ಮಾಡಿದ್ದೇವೆ.

ನಾನು ಮೈಕಿನ ಹತ್ತಿರವೇ ಹೋದೆ. “ಸರ್, ನಿಯಮದ ಪ್ರಕಾರ ಚೀಲ ತೇಲಿಸಬೇಕು.”

ಸಾಹೇಬರು ಮೆಲ್ಲಗೆ, “ಮೇಡಂ, ಟೈಮಿಲ್ಲ,” ಎಂದರು.

“ಹಾಗೇ ಸುರಿದರೆ ನಿಯಮ ತಪ್ಪಿದ್ದು ಎಂದು ನಾನು ಬರೆಯಬೇಕಾಗುತ್ತದೆ.” ಇದು ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ. ಒಂದೇ ಮಾತು.

ಮೈಕು ತೆರೆದೇ ಇತ್ತು. ಗಣ್ಯರೊಬ್ಬರು, “ನಿಯಮ ಇದ್ರೆ ಮಾಡಿ, ಕಾಯುವಾ,” ಎಂದರು. ಬೋರ್ಡಿನ ಆಚೆಯಿಂದ ತಿಮ್ಮಪ್ಪ ಕೂಗಿದ: “ನಾವೂ ಕಾಯುವಾ, ನಮ್ಗೆ ಬೇರೆ ಎಂತ ಕೆಲ್ಸ ಇಟ್ಟಿದ್ರಿ?”

ಚೀಲಗಳು ತೇಲಿದವು. ಮೊದಲು ಮರಿಗಳು ಚುರುಕಾಗಿದ್ದವು. ಮೈಮೇಲೆ ಸಣ್ಣ ಚುಕ್ಕೆ, ಬದಿಯಲ್ಲಿ ತಿಳಿಗೆಂಪು ಗೆರೆ. ಅಷ್ಟು ಚೆಂದದ ಮೀನನ್ನು ನಾನು ಕಂಡಿರಲಿಲ್ಲ. ಗಣ್ಯರ ಮೊದಲ ಸುತ್ತಿನ ಎಳನೀರು ಮುಗಿಯುವಷ್ಟರಲ್ಲಿ ಅವು ಮೇಲೆ ಬಂದು ಬಾಯಿ ಬಿಡತೊಡಗಿದವು. ಆಮೇಲೆ ಒಂದು ವಾಲಿತು. ಮತ್ತೊಂದು. ಪಾರದರ್ಶಕ ಚೀಲದಲ್ಲಿ, ಎಲ್ಲರ ಕಣ್ಣೆದುರು, ಬಿಳಿ ಹೊಟ್ಟೆಗಳು ಒಂದೊಂದಾಗಿ ಮೇಲೆ ತಿರುಗಿದವು. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ. ಯಾರೂ ಚೀಲ ಬಿಚ್ಚಲಿಲ್ಲ.

ಸಾಹೇಬರು ನೀರಿನ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತು ಕೈ ಅದ್ದಿದರು. ತುಂಬ ಹೊತ್ತು ತೆಗೆಯಲಿಲ್ಲ. ಆ ಕ್ಷಣ ಅವರ ಬಗ್ಗೆ ನನಗೆ ಕನಿಕರ ಬಂದಿತ್ತು ಎಂದು ಬರೆಯಲು ಆಸೆ, ಆದರೆ ಅದು ಆಮೇಲೆ ಬಂದದ್ದಿರಬಹುದು. ಅವತ್ತು ನನಗೆ ಬಂದದ್ದು ಬೇರೆ ಪ್ರಶ್ನೆ: ಈ ಮರಿಗಳನ್ನು ನನ್ನ ಮಾತು ಗೆಲ್ಲಿಸಲು ಬಳಸಿದೆನೇ? ನೇರ ಸುರಿದಿದ್ದರೂ ಸಾಯುತ್ತಿದ್ದವು, ಕಾಣದ ಹಾಗೆ. ಅವು ಕಾಣುವಂತೆ ಸಾಯಲಿ ಎಂದು ನಾನು ಬಯಸಿದ್ದು ಹೌದು. ಇವತ್ತೂ ಬಯಸುತ್ತೇನೆ.

ನನ್ನನ್ನು ಭಟ್ಕಳಕ್ಕೆ ವರ್ಗ ಮಾಡಿದರು. ಇಕ್ಬಾಲ್ ಭಾಯಿ ಅಂಗಡಿಯ ಮುಂದೆ ಕುರ್ಚಿ ಹಾಕಿಸಿ, ಚಾ ತರಿಸಿ, “ಮೇಡಂ, ಭಟ್ಕಳ ಸಜಾ ಹೆಂಗೆ ಆಗ್ತದೆ? ಜಪಾನ್ ಜಿಗ್ ಕಳ್ಕೊಂಡೋನು ನಾನು, ಸಜಾ ಅಂದ್ರೆ ಅದು,” ಎಂದು ಸಾಂತ್ವನ ಹೇಳಿದರು. ಬೋರ್ಡು ತೆಗೆಯಲು ಯಾರೂ ಆದೇಶ ಹೊರಡಿಸಲಿಲ್ಲ. ಆದರೆ ಮರಿಗಳು ಸತ್ತ ಮಾರನೆಯ ಬೆಳಿಗ್ಗೆಯೇ ಅಂಬಿಗರ ದೋಣಿಗಳು ನೀರಿನಲ್ಲಿದ್ದವು. ಕಾವಲಿನವರು ಕಸಿದ ಸೀಸ ವಾಪಸು ಕೊಟ್ಟರಂತೆ, ಒಂದು ಬಾಳೆಮೀನು ಕೇಳಿ. ಮುಂದೆ ಮಳೆಗಾಲದಲ್ಲಿ ಆ ಬೋರ್ಡು ಬಿದ್ದುಹೋಯಿತು. ಅದರ ತಗಡು ಈಗ ತಿಮ್ಮಪ್ಪನ ಸೌದೆ ಮನೆಗೆ ಮುಚ್ಚಿಗೆ, ಅಕ್ಷರ ಒಳಮಗ್ಗುಲಿಗೆ.

ಇಷ್ಟನ್ನು ಸುಪ್ರಿಯಾಳಿಗೆ ಬಾಯಲ್ಲಿ ಹೇಳಲಿಲ್ಲ. ಮೊನ್ನೆ ಅವಳನ್ನು ಕರೆದುಕೊಂಡು ಗೇರುಸೊಪ್ಪೆಯ ಮೇಲಕ್ಕೆ ಹೋದೆ. ಫೈಲು ಅವಳ ಚೀಲದಲ್ಲೇ ಇತ್ತು, ಸಹಿ ಈ ವಾರದೊಳಗೆ ಬೇಕಂತೆ. ತಿಮ್ಮಪ್ಪನ ಕೂದಲೆಲ್ಲ ಬೆಳ್ಳಗಾಗಿದೆ, ದೋಣಿ ಹೊಸದು, ಸೀಸ ಅದೇ. ಬೆಳಗಿನ ಹಿನ್ನೀರಿನ ಮೇಲೆ ಹೊಗೆ ಆಡುತ್ತಿತ್ತು.

“ಅಬ್ಬಾ! ನೀರು ಎಷ್ಟು ತಣ್ಣಗಿರಬಹುದು ಮೇಡಂ!” ಎಂದಳು.

ತಿಮ್ಮಪ್ಪ ನನ್ನ ಮುಖ ನೋಡಿದ. ನಾನು ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಮಾತಿನ ಮೇಲೆ ಅವಳು ಸಹಿ ಹಾಕದೆ ಬಿಟ್ಟರೆ, ನಾಳೆ ಇನ್ನೊಬ್ಬರ ಮಾತಿನ ಮೇಲೆ ಹಾಕುತ್ತಾಳೆ.

“ಕೈ ಹಾಕು,” ಎಂದೆ.

ಅವಳು ತೋಳು ಮಡಚಿ ದೋಣಿಯ ಅಂಚಿನಿಂದ ಕೈ ಇಳಿಸಿದಳು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ. ಹುಬ್ಬು ಮೇಲೇರಿತು. ನನ್ನ ಕಡೆ ನೋಡಿದಳು, ಹೊಗೆಯ ಕಡೆ ನೋಡಿದಳು. ನಂತರ ಇನ್ನೊಂದು ಕೈಯನ್ನೂ ನೀರಿಗೆ ಹಾಕಿದಳು.